ಕಾಫಿ ಪಾತ್ರೆಯ ಕೆಳಗಿನ ಪ್ಲೇಟು

ಘಾಟ್ಕೋಪರ್
ಭಾನುವಾರ, ೨೧ ಅಕ್ಟೋಬರ್ ೧೯೫೬

ಮಧ್ಯಾಹ್ನದ ಊಟವಾಗಿದೆ. ಅಪ್ಪ ಹೊರಕೋಣೆಯಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತಿದ್ದಾರೆ. ನಾನು ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ.

ಮೋನಪ್ಪನವರೇ,

ನಿಮ್ಮ ಹೆಸರಿನ ಮೊದಲು ಯಾವ ಪದ ಸೇರಿಸುವುದೆಂದು ಯೋಚಿಸಿ, ಕೊನೆಗೆ ಯಾವುದನ್ನೂ ಸೇರಿಸಲಿಲ್ಲ. ಮುಖವನ್ನೇ ನೋಡದ ಜನರಿಗೆ ದಿನವಿಡೀ ಪ್ರೀತಿಯ ಎಂದೂ ಮಾನ್ಯ ಎಂದೂ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನನ್ನ ಪಾಲಿಗೆ ಆ ಪದಗಳು ಸವೆದುಹೋಗಿವೆ. ಬರಿಯ ಹೆಸರೇ ಇರಲಿ.

ಆಯುಧಪೂಜೆಯ ಸಂಜೆ ಬೊರಿವಲಿ ಸ್ಟೇಷನ್ನಿನ ಹೊರಗೆ, ಅಪ್ಪ ಟಿಕೆಟ್ ತರಲು ಹೋಗಿದ್ದಾಗ, ಸ್ಟೇರಿಂಗಿನ ಮೇಲಿಂದ ಕೈ ತೆಗೆಯದೆ, ನನ್ನ ಕಡೆ ನೋಡದೆ ನೀವು ಹೇಳಿದಿರಿ: "ನಿಮ್ಮನ್ನು ಮದುವೆ ಆಗ್ಬೇಕು ಅಂತ ಉಂಟು ನಂಗೆ. ನಿಮಗೆ ಆಗುದಿಲ್ಲ ಅಂತಾದ್ರೆ ಹೇಳಿ, ಬೇಜಾರಿಲ್ಲ. ಜೀಪಿನ ಕೆಲಸಕ್ಕೆ ಬರುದು ಮಾತ್ರ ನಿಲ್ಲಿಸುದಿಲ್ಲ." ಅದಕ್ಕೆ ನಾನು, ಬರೆದು ತಿಳಿಸುತ್ತೇನೆ ಎಂದೆ. ನಮ್ಮ ಆಫೀಸಿನ ಸಾಹೇಬರು ಕೆಲಸ ಕೇಳಿಕೊಂಡು ಬಂದವರಿಗೆ ಹೇಳುವ ಮಾತು ಅದು. ನೀವು ನಕ್ಕಿರಿ. ಅಷ್ಟರಲ್ಲಿ ಅಪ್ಪ ಬಂದರು.

ನಾವು ಮೈಸೂರಿನ ಬ್ರಾಹ್ಮಣರು, ನೀವು ಮಲ್ಪೆಯ ಮೊಗವೀರರು. ಅಪ್ಪ ಹೊರಗಿನವರ ಕೈಯಿಂದ ನೀರು ಸಹ ಕುಡಿಯುವುದಿಲ್ಲ. ಇದೆಲ್ಲ ಗೊತ್ತಿದ್ದೂ ನೀವು ಕೇಳಿದಿರಿ. ಆದ್ದರಿಂದ ಅದನ್ನೇ ವಿವರಿಸುತ್ತ ಕೂರುವುದಿಲ್ಲ. ಆದರೆ ಆ ದಿನ ನಡೆದದ್ದರಲ್ಲಿ ನಿಮಗೆ ಗೊತ್ತಿಲ್ಲದ ಒಂದು ಭಾಗವಿದೆ. ಅದನ್ನು ಹೇಳದೆ ಉತ್ತರ ಕೊಟ್ಟರೆ, ಕಷ್ಟದ ವಾಕ್ಯವನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋದ ಅನುವಾದದ ಹಾಗಾಗುತ್ತದೆ. ಅಂಥ ಪುಸ್ತಕಗಳನ್ನು ನಾನು ಎಷ್ಟೋ ಓದಿದ್ದೇನೆ. ಎಲ್ಲಿ ಬಿಟ್ಟಿದ್ದಾರೆಂದು ತಿಳಿಯುವುದಿಲ್ಲ, ಆದರೆ ಬಿಟ್ಟಿದ್ದಾರೆಂದು ತಿಳಿಯುತ್ತದೆ.

ನೀವು ನಮ್ಮ ಕನ್ನಡ ಸಂಘದ ಲೈಬ್ರರಿಗೆ ಬಂದದ್ದು ಪುಸ್ತಕಕ್ಕಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಜೀಪು, ಅದರ ಜೊತೆಗೆ ಬಂದ ಅಮೆರಿಕದ ಕೈಪಿಡಿ, ಅದನ್ನು ಕನ್ನಡದಲ್ಲಿ ಓದಿ ಹೇಳುವವರು ಬೇಕು ಎಂದು ಕೇಳಿಕೊಂಡು ಬಂದಿರಿ. ಯಾರೋ ನನ್ನನ್ನು ತೋರಿಸಿದರು. ನನ್ನ ಕೈಯಲ್ಲಿದ್ದ ರಷ್ಯನ್ ಕಾದಂಬರಿಯ ದಪ್ಪ ನೋಡಿ, "ಇಷ್ಟು ಓದುವವರಿಗೆ ಇದು ಒಂದು ಲೆಕ್ಕವಾ ಮಾರಾಯ್ರೇ" ಎಂದು ಎಣ್ಣೆ ಮೆತ್ತಿದ ಆ ಕೈಪಿಡಿಯನ್ನು ಅದರ ಮೇಲೆಯೇ ಇಟ್ಟಿರಿ. ಕಾದಂಬರಿಯ ರಟ್ಟಿನ ಮೇಲೆ ಆ ಕಲೆ ಇನ್ನೂ ಇದೆ. ದಂಡ ಕಟ್ಟಿದವಳು ನಾನು.

ನಿಮ್ಮ ತೊಂದರೆ ಕೇಳಿದ ಮೇಲೆ ಸಿಟ್ಟು ಉಳಿಯಲಿಲ್ಲ. ಬೊರಿವಲಿಯ ಗುಡ್ಡದ ಮೇಲಿನ ಕಲ್ಲುಕ್ವಾರಿಯಲ್ಲಿ ನಿಮ್ಮ ಕ್ಯಾಂಟೀನು. ಕೆಳಗೆ ನಿಮ್ಮ ಅಕ್ಕು ದೊಡ್ಡಮ್ಮ ಬೇಯಿಸಿದ ಊಟವನ್ನು ಜೀಪು ಮೇಲಕ್ಕೆ ಒಯ್ಯಬೇಕು. ದಾರಿಯಲ್ಲಿ ಒಂದು ನಾಲೆ. ಮಳೆಗಾಲದಲ್ಲಿ ಅದರ ನೀರು ಇಂಜಿನ್ನಿಗೆ ಸಿಡಿದರೆ ಕಿಡಿ ಹತ್ತುವುದಿಲ್ಲ, ಪೆಟ್ರೋಲ್ ಇಂಜಿನ್ ನೀರಿನ ನಡುವೆಯೇ ನಿಲ್ಲುತ್ತದೆ, ಮೇಲೆ ಜನ ಹಸಿದು ಕಾಯುತ್ತಾರೆ. ಇನ್ನೊಂದು ಮಳೆಗಾಲ ಹೀಗಾದರೆ ಕ್ಯಾಂಟೀನು ಬೇರೆಯವರಿಗೆ ಎಂದು ಕ್ವಾರಿಯ ಮಾಲೀಕರು ಹೇಳಿಯಾಗಿತ್ತು. ಸಸೂನ್ ಡಾಕ್‌ನಲ್ಲಿ ನಿಮ್ಮ ದೊಡ್ಡಮ್ಮನ ಮಗ ದೂಜ ಮೀನಿನ ದೋಣಿಗೆಂದು ಒಂದು ಹೊಸ ಡೀಸೆಲ್ ಇಂಜಿನ್ ತರಿಸಿದ್ದರು. ದೋಣಿ ಒಡೆದುಹೋಗಿ ಇಂಜಿನ್ ಹಾಗೆಯೇ ಉಳಿದಿತ್ತು. ಡೀಸೆಲ್ಲಿಗೆ ಕಿಡಿ ಬೇಡ. ಕಡಲಿಗೆ ಬಂದದ್ದನ್ನು ಗುಡ್ಡ ಹತ್ತಿಸಬೇಕು ಎಂದಿರಿ. ನಾನು ಕೈಪಿಡಿಯನ್ನು ಮನೆಗೆ ತಂದೆ. ಅಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ ಅದರ ಚಿತ್ರಗಳನ್ನು ನೋಡಿದರು. ಅಲ್ಲಿಗೆ ಕೈಪಿಡಿ ನನ್ನ ಕೈ ತಪ್ಪಿತು.

ಅದಕ್ಕೆ ಮುಂಚಿನ ಅಪ್ಪನನ್ನು ನೀವು ನೋಡಿಲ್ಲ. ಎಲ್ಲರ ಪಾಲಿಗೂ ಅವರು ಯಂತ್ರಗಳ ಚಿತ್ರ ಬರೆಯುವ ಡ್ರಾಫ್ಟ್ಸ್‌ಮನ್ ರಾಮಸ್ವಾಮಿ. ಕೆಲಸದಿಂದ ನಿವೃತ್ತರಾದ ಮೇಲೆ, ಅಮ್ಮನೂ ಹೋದ ಮೇಲೆ, ಬೆಳಿಗ್ಗೆ ಪೆನ್ಸಿಲ್‌ಗಳನ್ನೆಲ್ಲ ಚೂಪು ಮಾಡಿ ಸಾಲಾಗಿ ಇಡುತ್ತಿದ್ದರು. ಬರೆಯಲು ಏನೂ ಇರುತ್ತಿರಲಿಲ್ಲ. ಮರುದಿನ ಆ ಚೂಪಾದ ಪೆನ್ಸಿಲ್‌ಗಳನ್ನೇ ಮತ್ತೆ ಚೂಪು ಮಾಡುತ್ತಿದ್ದರು. ಪೆನ್ಸಿಲ್‌ಗಳು ಗಿಡ್ಡವಾಗುತ್ತಾ ಹೋಗುವುದನ್ನು ನಾನು ನೋಡುತ್ತಿದ್ದೆ. ನಿಮ್ಮ ಜೀಪು ಬಂದ ವಾರವೇ ಅವರು ಹೊಸ ಪೆನ್ಸಿಲ್ ತರಲು ಹೇಳಿದರು.

ನಮ್ಮ ಚಾಳಿನ ಹಿಂದೆ ಈರಣ್ಣನ ಗ್ಯಾರೇಜಿಗೆ ಇಂಜಿನ್ ಬಂದ ದಿನ ಇಡೀ ಚಾಳಿಗೆ ಒಣಮೀನಿನ ವಾಸನೆ. ಧಾರವಾಡದ ಕಡೆಯ ಈರಣ್ಣ ಮೂಗಿಗೆ ಬಟ್ಟೆ ಕಟ್ಟಿಕೊಂಡು, "ಏನ್ರೀ ಮೋನಪ್ಪಾ, ಇದಕ್ಕ ಡೀಸೆಲ್ ಹಾಕಬೇಕೋ ಉಪ್ಪು ಖಾರ ಹಾಕಬೇಕೋ" ಎಂದು ಕೇಳಿದ್ದು ನನಗೆ ಕಿಟಕಿಯಿಂದ ಕೇಳಿಸಿತು. ಅಪ್ಪ ಒಂದು ಕಟ್ಟು ಊದುಬತ್ತಿ ಒಯ್ದು ಇಂಜಿನ್ನಿನ ಸುತ್ತ ಹಚ್ಚಿದರು. ದೇವರಿಗೆ ದಿನಕ್ಕೆ ಒಂದೇ ಹಚ್ಚುವವರು. ಯಂತ್ರಕ್ಕೆ ಮಡಿ ಮೈಲಿಗೆ ಇಲ್ಲ ಎಂದು ನನಗೆ ಹೇಳಿ ಹೋದರು. ಬಂದ ಮೇಲೆ ತಲೆಗೆ ನೀರು ಹಾಕಿಕೊಂಡರು. ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಹೀಗೆಯೇ. ನೀವು ಎಳನೀರಿನ ಗೊನೆ ಹೊತ್ತು ತರುತ್ತಿದ್ದಿರಿ, ನಿಮ್ಮ ಮಾತಿನಲ್ಲಿ ಬೊಂಡ. "ಬೊಂಡಕ್ಕೆ ಮಡಿ ಇಲ್ಲ ಅಲ್ವಾ ಸಾರ್, ಇದರೊಳಗೆ ನಾವು ಯಾರೂ ಕೈ ಹಾಕಿದ್ದಿಲ್ಲ" ಎಂದು ಕೆತ್ತಿ ಕೊಡುತ್ತಿದ್ದಿರಿ. ಅಪ್ಪ ನಗು ತಡೆದುಕೊಂಡು ಕುಡಿಯುತ್ತಿದ್ದರು. ನಿಮಗೆ ನಮ್ಮಲ್ಲಿ ಕಾಫಿ ಬರುತ್ತಿದ್ದದ್ದು ಹೊರಗಿನವರಿಗೆಂದು ಕಿಟಕಿಯ ಮೇಲಿಟ್ಟ ಗಾಜಿನ ಲೋಟದಲ್ಲಿ. ಕುಡಿದಾದ ಮೇಲೆ ಯಾರೂ ಹೇಳದೆಯೇ ಅದನ್ನು ನಲ್ಲಿಯ ಕೆಳಗೆ ತೊಳೆದು, ಬೋರಲಾಗಿ ಅಲ್ಲಿಯೇ ಇಟ್ಟು ಹೋಗುತ್ತಿದ್ದಿರಿ. ಮುಖದಲ್ಲಿ ಏನೂ ಇರುತ್ತಿರಲಿಲ್ಲ. ನಾನು ಪ್ರತಿ ಸಲ ನೋಡಿದ್ದೇನೆ.

ಇಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ. ಎರಡನ್ನೂ ಜೋಡಿಸಲು ನಡುವೆ ದಪ್ಪನೆಯ ಒಂದು ಉಕ್ಕಿನ ಪ್ಲೇಟು ಬೇಕು. ಅದರಲ್ಲಿ ಕೆಲವು ತೂತು ಹೊಸ ಇಂಜಿನ್ನಿಗೆ, ಕೆಲವು ಹಳೆಯ ಗೇರ್ ಬಾಕ್ಸಿಗೆ ಕೂರಬೇಕು. ಕ್ಯಾಂಟೀನಿನ ಊಟ ನಿಲ್ಲುವಂತಿಲ್ಲ, ಪ್ಲೇಟು ಕೈಗೆ ಬರುವ ತನಕ ಜೀಪನ್ನು ಬಿಚ್ಚುವಂತಿಲ್ಲ. ಆದ್ದರಿಂದ ಗೇರ್ ಬಾಕ್ಸಿನ ಅಳತೆಗಳನ್ನು ಅಪ್ಪ ಕೈಪಿಡಿಯ ಚಿತ್ರದಿಂದಲೇ ತೆಗೆದರು. ಅವರ ಕಣ್ಣು ಈಗ ಸಣ್ಣ ಗೆರೆಗಳಿಗೆ ಸಾಲದು. ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ತಿದ್ದಿದವಳು ನಾನು. ಒಂದೊಂದು ತೂತಿನ ಜಾಗವೂ ನನಗೆ ಬಾಯಿಪಾಠವಾಗಿತ್ತು.

ಮಳೆ ಹತ್ತಿರ ಬಂದಾಗ, ಆ ಚಿತ್ರ ನೋಡಿ ಉಕ್ಕು ಕೊರೆಯುವ ಲೇತ್ ಅಂಗಡಿಯವರಿಂದ ಪ್ಲೇಟು ತಯಾರಾಗಿ ಬಂತು. ನೀವು ಮತ್ತು ಈರಣ್ಣ ಹಳೆಯ ಇಂಜಿನ್ ಎತ್ತಿ ಕೆಳಗಿಟ್ಟಿರಿ. ಆ ಮಧ್ಯಾಹ್ನ ಅಪ್ಪ ಮಲಗಿದ್ದರು. ಎದ್ದು ಬರುವಷ್ಟರಲ್ಲಿ ನೀವು ಪ್ಲೇಟನ್ನು ಎಲ್ಲಿಯೋ ಸರಿಸಿ, ಲೇತ್‌ನವರು ಗೇರ್ ಬಾಕ್ಸಿನ ಕಡೆಯ ತೂತುಗಳನ್ನು ಉಲ್ಟಾ ಹೊಡೆದಿದ್ದಾರೆ ಸಾರ್, ಇನ್ನೊಂದು ಮಾಡಿಸುತ್ತೇನೆ ಎಂದಿರಿ. ಅಪ್ಪನಿಗೆ ಬಂದ ಕೋಪ ನಿಮಗೆ ನೆನಪಿರಬಹುದು. ಚಿತ್ರ ಓದಲು ಬಾರದವರ ಕೈಗೆ ಯಂತ್ರ ಕೊಟ್ಟರೆ ಇಷ್ಟೇ ಎಂದರು, ಆ ಪ್ಲೇಟು ತೋರಿಸು ಎಂದರು. ಕರಗಿಸಲು ಅವರಿಗೇ ವಾಪಸು ಕೊಟ್ಟೆ ಎಂದಿರಿ. ಆಮೇಲೆ ನೀವಿಬ್ಬರೂ ಬಿಚ್ಚಿದ ಗೇರ್ ಬಾಕ್ಸಿನ ಮುಖಕ್ಕೇ ರಟ್ಟು ಒತ್ತಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತೂತಿನ ಗುರುತು ತೆಗೆದಿರಿ. ಎರಡನೆಯ ಪ್ಲೇಟು ಕೂತುಕೊಂಡಿತು.

ಅದು ಬರುವ ತನಕ ಜೀಪು ಬಿಚ್ಚಿಕೊಂಡೇ ಬಿದ್ದಿತ್ತು. ಅನ್ನದ ಪಾತ್ರೆಗಳನ್ನು ತಲೆಯ ಮೇಲೆ ಹೊತ್ತು ನೀವು ಗುಡ್ಡ ಹತ್ತಿದಿರಂತೆ. ನೀವು ಹೇಳಲಿಲ್ಲ. ನಿಮ್ಮ ದೊಡ್ಡಮ್ಮ ಹೇಳಿದರು.

ಇಂಜಿನ್ ಕೂತ ಮೇಲೆ ಬಾನೆಟ್ ಮುಚ್ಚಲಿಲ್ಲ. ಹೊಸದು ಹಳೆಯದಕ್ಕಿಂತ ಎತ್ತರ. ಅಪ್ಪ ಇಡೀ ಬಾನೆಟ್ಟನ್ನೇ ಎತ್ತರಿಸುವ ಲೆಕ್ಕ ಹಾಕುತ್ತಿದ್ದರು. ಮಳೆಯ ಮೋಡ ಕಟ್ಟಿತ್ತು. ನಿಮಗೆ ತಾಳ್ಮೆ ಇರಲಿಲ್ಲ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬಾನೆಟ್ಟಿನಲ್ಲಿ ದುಂಡನೆಯ ತೂತು, ಅದರ ಮೇಲೆ ರಿವೆಟ್ ಹೊಡೆದ ದೊಡ್ಡ ಇಡ್ಲಿ ಪಾತ್ರೆಯ ಮುಚ್ಚಳ. ಮುಚ್ಚಳದ ಹಿಡಿಯನ್ನೂ ತೆಗೆದಿರಲಿಲ್ಲ. ಅಪ್ಪ ಅದನ್ನು ಒಂದು ಸುತ್ತು ಬಂದು ನೋಡಿ ಮನೆಗೆ ಹಿಂದಿರುಗಿಬಿಟ್ಟರು. ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳಿದರು: "ಹಬೆ ಒಳಗೇ ನಿಲ್ಲಬಾರದು ಅಂತ ಹಿಂದುಗಡೆ ಸಂದಿ ಬಿಟ್ಟಿದಾನೆ ಕಣೇ. ಅಷ್ಟು ಬುದ್ಧಿ ಇದೆ. ನೋಡೋಕೆ ಮಾತ್ರ ಅಸಹ್ಯ." ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.

ಜೀಪು ಆ ಮಳೆಗಾಲ ಪೂರ್ತಿ ನಾಲೆ ದಾಟಿತು. ಒಂದು ದಿನವೂ ಊಟ ನಿಲ್ಲಲಿಲ್ಲ, ಕ್ಯಾಂಟೀನು ಉಳಿಯಿತು. ಇನ್ನು ನೀವು ಘಾಟ್ಕೋಪರಿಗೆ ಬರುವ ಕಾರಣ ಮುಗಿಯಿತು ಎಂದುಕೊಂಡೆ. ಆದರೆ ಪ್ರತಿ ಭಾನುವಾರ ಅದಕ್ಕೆ ಏನೋ ಒಂದು ಆಗುತ್ತಿತ್ತು. ಒಮ್ಮೆ ಸದ್ದು, ಒಮ್ಮೆ ಹೊಗೆ, ಒಮ್ಮೆ ಏನೂ ಸದ್ದಿಲ್ಲ ಎಂಬುದೇ ದೂರು. "ಈ ಇಂಜಿನ್ ಸರಿ ಇದ್ರೂ ಮೋನಪ್ಪಗ ಸಮಾಧಾನ ಇಲ್ರೀ" ಎಂದು ಈರಣ್ಣ ಬಾವಿಕಟ್ಟೆಯ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದ್ದರು. ಅಂಥ ಒಂದು ಭಾನುವಾರ ಅಪ್ಪ ಸ್ನಾನಕ್ಕೆ ಹೋದಾಗ, ನಾನು ಓದುತ್ತಿದ್ದದ್ದು ಏನು ಎಂದು ಕೇಳಿದಿರಿ. ಫ್ರೆಂಚಿನಿಂದ ಬಂದದ್ದು, ಕೊನೆಯಲ್ಲಿ ಒಬ್ಬ ಹೆಂಗಸಿಗೆ ಒಂದು ಪ್ರಶ್ನೆ ಬರುತ್ತದೆ, ಅವಳು ಕಿಟಕಿ ತೆರೆಯುತ್ತಾಳೆ, ಪುಸ್ತಕ ಮುಗಿಯುತ್ತದೆ ಎಂದೆ. ನಿಮಗೆ ನಿಜವಾಗಿ ಸಿಟ್ಟು ಬಂತು. "ಇದೆಂಥ ಕಥೆ ಮಾರಾಯ್ರೇ, ಉತ್ತರ ಕೊಡದೆ ಕಿಟಕಿ ತೆಗೆದದ್ದು? ಅವ ಅಲ್ಲಿ ಕೆಳಗೆ ನಿಂತಿರ್ತಾನೆ ಅಲ್ವಾ?" ನನಗೆ ಆ ಪುಸ್ತಕದಲ್ಲಿ ತುಂಬ ಹಿಡಿಸಿದ್ದು ಆ ಕೊನೆಯೇ. ಅವನು ಕೆಳಗೆ ನಿಂತಿರುತ್ತಾನೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಇನ್ನು ಆಯುಧಪೂಜೆಯ ದಿನಕ್ಕೆ ಬರುತ್ತೇನೆ.

ಜೀಪಿನ ಪೂಜೆಗೆ ನೀವು ಕರೆದಾಗ ಅಪ್ಪ ಬರುತ್ತಾರೆಂದು ನಾನೂ ಎಣಿಸಿರಲಿಲ್ಲ. ಅವರು ಜರಿಯಂಚಿನ ಪಂಚೆ ಉಟ್ಟು, ನೀರಿನ ಹೂಜಿ ಹಿಡಿದು, ದಾದರ್‌ನಲ್ಲಿ ಗಾಡಿ ಬದಲಿಸಿ ಬಂದರು. ನಾಲೆ ದಾಟುವಾಗ ಮುಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದರು. ಭಯಕ್ಕೆಂದು ನೀವು ನಿಧಾನ ಮಾಡಿದಿರಿ. ಭಯವಲ್ಲ, ಇಂಜಿನ್ನಿನ ಸದ್ದು ಕೇಳುತ್ತಿದ್ದರು. ಮೇಲೆ ಕ್ಯಾಂಟೀನಿನ ಮುಂದೆ ಚಕ್ರಗಳ ಕೆಳಗೆ ನಿಂಬೆಹಣ್ಣು, ಮುಚ್ಚಳದ ಹಿಡಿಗೆ ಸೇವಂತಿಗೆ ಹಾರ. ನಿಮ್ಮ ದೊಡ್ಡಮ್ಮ ಎಲ್ಲರಿಗಿಂತ ಮುಂಚೆ ಬಂದು, "ಇದು ನನ್ನ ಮುಚ್ಚಳ. ಮೊದಲ ಕುಂಕುಮ ಇದಕ್ಕೆ" ಎಂದು ಹಚ್ಚಿಬಿಟ್ಟರು. ನೀವು ಕತ್ತಿ ತಂದು ಬೊಂಡ ಕೆತ್ತತೊಡಗಿದಿರಿ. ನಮಗೂ ಕಾಫಿ ಕೊಡಬೇಕೆಂದು ಅವರಿಗೆ ಆಸೆ. ನೀವು ಮೆಲ್ಲಗೆ ತಡೆದಿರಿ. ಆಗ ಅವರು ಅಂದದ್ದು ನನಗೆ ಕೇಳಿಸಿತು: "ಗೊತ್ತುಂಟು ಮಗಾ. ಕೇಳಿದ್ರೆ ಅವರಿಗೂ ಕಷ್ಟ, ನಮಗೂ ಕಷ್ಟ."

ಕಾಫಿಯ ಪಾತ್ರೆ ಒಲೆಯ ಮೇಲಿತ್ತು. ಮೂರು ಕಲ್ಲು, ಅವುಗಳ ಮೇಲೆ ಒಂದು ಉಕ್ಕಿನ ಪ್ಲೇಟು, ಅದರ ಮೇಲೆ ಪಾತ್ರೆ. ಪ್ಲೇಟಿನ ಅಂಚಿನ ತೂತುಗಳಿಂದ ಬೆಂಕಿ ಕಾಣುತ್ತಿತ್ತು.

ನನಗೆ ಅದನ್ನು ಅಳೆದು ನೋಡಬೇಕಾಗಿರಲಿಲ್ಲ. ನಾನು ಮಸಿಯಲ್ಲಿ ತಿದ್ದಿದ ತೂತುಗಳೇ ಅವು, ಒಂದೊಂದೂ ಅದರ ಜಾಗದಲ್ಲಿ. ಲೇತ್‌ನವರು ಏನನ್ನೂ ಉಲ್ಟಾ ಹೊಡೆದಿರಲಿಲ್ಲ. ನಾವು ಕೊಟ್ಟ ಚಿತ್ರವನ್ನು ಕೂದಲೆಳೆಯಷ್ಟೂ ತಪ್ಪಿಸದೆ ಕೊರೆದಿದ್ದರು. ಹಾಗಾದರೆ ತಪ್ಪು ಚಿತ್ರದ್ದು. ಆಮೇಲೆ ಮನೆಯಲ್ಲಿ ಕೈಪಿಡಿ ತೆರೆದು ನೋಡಿದೆ. ಅಮೆರಿಕದವರು ಒಂದು ವಸ್ತುವನ್ನು ಎಡಗಡೆಯಿಂದ ನೋಡಿದ ಚಿತ್ರವನ್ನು ಕಾಗದದ ಎಡಗಡೆಯಲ್ಲೇ ಬರೆಯುತ್ತಾರೆ. ಅಪ್ಪ ಕಲಿತದ್ದು ಇಂಗ್ಲಿಷರ ಪದ್ಧತಿ. ಅದರಲ್ಲಿ ಎಡಗಡೆಯಿಂದ ನೋಡಿದ್ದನ್ನು ಬಲಗಡೆ ಬರೆಯುತ್ತಾರೆ. ನಲವತ್ತು ವರ್ಷದ ಅಭ್ಯಾಸದಿಂದ ಅವರು ಆ ಚಿತ್ರವನ್ನು ಆಚೆ ಕಡೆಯಿಂದ ನೋಡಿದ್ದೆಂದು ತಿಳಿದರು. ಗೇರ್ ಬಾಕ್ಸ್ ಕನ್ನಡಿಯಲ್ಲಿ ಕಂಡಂತಾಯಿತು.

ನಿಮಗೆ ಇದು ಆ ಮಧ್ಯಾಹ್ನವೇ ಗೊತ್ತಾಗಿತ್ತು. ಚಿತ್ರ ನಿಮ್ಮ ಕೈಯಲ್ಲೇ ಇತ್ತಲ್ಲ.

ನಿಮಗೆ ಗೊತ್ತಿಲ್ಲದ್ದು ಇದು: ಅಪ್ಪನೂ ಆ ಪ್ಲೇಟನ್ನು ನೋಡಿದರು. ನೀವು ಅವರ ಕಡೆಗೆ ಬೆನ್ನು ಹಾಕಿ ಬೊಂಡ ಕೆತ್ತುತ್ತಿದ್ದಿರಿ. ಅವರು ಒಲೆಯ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಬೆಂಕಿಯ ಕಾವಿಗೆ ಮುಖ ಕೆಂಪಾಗುವ ತನಕ ನೋಡಿದರು. ನೆಟ್ಟಗಾಗಿ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಆಮೇಲೆ ಬಂದು ಬೆಂಚಿನ ಮೇಲೆ ಕೂತು, "ಅಕ್ಕು ಅವರೇ, ನನಗೂ ಒಂದು ಲೋಟ ಕಾಫಿ ಕೊಡ್ತೀರಾ" ಎಂದರು.

ನೀವು ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಅರ್ಧ ಕೆತ್ತಿದ ಬೊಂಡ ಹಿಡಿದು ನಿಂತದ್ದು ನನ್ನ ಕಣ್ಣ ಮುಂದಿದೆ. ದೊಡ್ಡಮ್ಮ ಲೋಟವನ್ನು ಮತ್ತೊಮ್ಮೆ ತೊಳೆದು ತುಂಬಿಸಿ ಕೊಟ್ಟರು. ಬೆಲ್ಲದ ಕಾಫಿ. ಅಪ್ಪ ಪೂರ್ತಿ ಕುಡಿದರು. ಹಿಂದಿರುಗುವಾಗ ನೀವು ನನ್ನನ್ನು ಕೇಳಿದಿರಿ, "ಗುಡ್ಡದ ಗಾಳಿಗೆ ಸಾರ್‌ಗೆ ಬಾಯಾರಿದ್ದಾ?" ಅವರ ಹೂಜಿಯಲ್ಲಿ ನೀರು ತುಂಬಿತ್ತು.

ರೈಲಿನಲ್ಲಿ ಅಪ್ಪ, ಆ ಪ್ಲೇಟು ನೋಡಿದೆಯಾ ಎಂದು ಕೇಳಿದರು. ನೋಡಿದೆ ಎಂದೆ. ಲೇತ್‌ನವರ ತಪ್ಪಲ್ಲ ಎಂದರು. ಗೋರೆಗಾಂವ್ ದಾಟಿತು, ಅಂಧೇರಿ ದಾಟಿತು. ಅವರು ಕಿಟಕಿಯ ಕಡೆಯೇ ನೋಡುತ್ತಿದ್ದರು. ದಾದರ್ ಸೇತುವೆಯ ಮೆಟ್ಟಿಲ ಮೇಲೆ ಉಸಿರಿಗೆಂದು ನಿಂತಾಗ ಹೇಳಿದರು: "ಅವತ್ತೇ ಅವನು ನನ್ನ ಮುಖಕ್ಕೆ ಹೇಳಿದ್ರೆ ನಾನು ಪೆನ್ಸಿಲ್ ಕೆಳಗಿಟ್ಟುಬಿಡ್ತಿದ್ದೆ ಕಣಮ್ಮ. ಮತ್ತೆ ಎತ್ತುತ್ತಿರಲಿಲ್ಲ." ಇನ್ನೆರಡು ಮೆಟ್ಟಿಲು ಹತ್ತಿ, "ಆದರೂ ಅದು ಸುಳ್ಳೇ. ಪಾಪ, ಆ ಲೇತ್‌ನವರನ್ನ ಎಷ್ಟು ಬೈದುಬಿಟ್ಟೆ." ಕೊನೆಗೆ, ನನಗೆ ಗೊತ್ತಾಯಿತೆಂದು ಅವನಿಗೆ ಹೇಳಬೇಡ, ನೊಂದುಕೊಳ್ಳುತ್ತಾನೆ ಎಂದರು.

ಹೇಳಬೇಡ ಎಂದದ್ದನ್ನು ಹೇಳಿದ್ದೇನೆ. ಅವರಿಗೆ ನೋವಾಗಬಾರದೆಂದು ನೀವು ಮುಚ್ಚಿಟ್ಟಿರಿ, ನಿಮಗೆ ನೋವಾಗಬಾರದೆಂದು ಅವರು ಮುಚ್ಚಿಡುತ್ತಿದ್ದಾರೆ. ಇಬ್ಬರ ನಡುವೆ ನಾನೊಬ್ಬಳೇ ಎಲ್ಲ ತಿಳಿದವಳಾಗಿ ಒಂದು ಸಂಸಾರ ಮಾಡಲಾರೆ. ನಿಮ್ಮ ಸುಳ್ಳು ನನಗೆ ಇಷ್ಟವಾಗಲಿಲ್ಲ ಎಂಬುದನ್ನೂ ಇಲ್ಲಿಯೇ ಬರೆದುಬಿಡುತ್ತೇನೆ. ಯಾಕೆ ಹೇಳಿದಿರೆಂದು ಅರ್ಥವಾದ ಮೇಲೂ ಇಷ್ಟವಾಗಲಿಲ್ಲ. ಆ ಪ್ಲೇಟನ್ನು ಬಿಸಾಡಲು ಮನಸ್ಸು ಬಾರದೆ ಒಲೆಯ ಮೇಲಿಟ್ಟಿರಲ್ಲ, ಅದು ಇಷ್ಟವಾಯಿತು.

ಈಗ ಅಪ್ಪ ನಿಮ್ಮ ಜೀಪಿಗೆ ಸರಿಯಾದ ಒಂದು ಬಾನೆಟ್ ಬರೆಯುತ್ತಿದ್ದಾರೆ. ಮುಚ್ಚಳವನ್ನು ಅಕ್ಕು ಅವರಿಗೆ ವಾಪಸು ಕೊಡಬೇಕಂತೆ. ಪ್ರತಿ ಚಿತ್ರದ ಮೂಲೆಯಲ್ಲೂ, ಇದು ಯಾವ ಕಡೆಯಿಂದ ನೋಡಿದ್ದು ಎಂದು ಕನ್ನಡದಲ್ಲಿ ಬರೆಯುತ್ತಿದ್ದಾರೆ. ಹಿಂದೆ ಎಂದೂ ಬರೆದವರಲ್ಲ. ಬೆಳಿಗ್ಗೆ ಪೇಪರ್ ಓದುತ್ತಾ, ಬರುವ ಒಂದನೇ ತಾರೀಕಿನಿಂದ ಮೋನಪ್ಪನ ಊರೂ ನಮ್ಮ ಊರೂ ಒಂದೇ ರಾಜ್ಯಕ್ಕೆ ಸೇರುತ್ತವೆ ನೋಡು ಎಂದರು. ಅದರಲ್ಲಿ ಬೇರೆ ಅರ್ಥ ಹುಡುಕಲು ನನಗೆ ಆಸೆಯಾಯಿತು. ಹುಡುಕಲಿಲ್ಲ. ಅವರು ಪೇಪರ್ ಓದುತ್ತಿದ್ದರು, ಅಷ್ಟೇ.

ಉತ್ತರ ಕೊಡದೆ ಮುಗಿಯುವ ಕಥೆಗಳು ನಿಮಗೆ ಆಗುವುದಿಲ್ಲ. ಆದ್ದರಿಂದ ಕೇಳಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಹೌದು.

ಅಪ್ಪನ ಹತ್ತಿರ ನೀವು ಮಾತಾಡುತ್ತೇನೆಂದು ಹೊರಡಬೇಡಿ. ನೀವು ಕೇಳಿದರೆ ಆ ಪ್ಲೇಟು ಅವರ ಕಣ್ಣ ಮುಂದೆ ಬರುತ್ತದೆ. ಅದರ ಋಣಕ್ಕೆ ಬಿದ್ದು ಒಪ್ಪಿಬಿಡಬಹುದು. ನನಗೆ ಅಂಥ ಒಪ್ಪಿಗೆ ಬೇಡ. ನಾನು ಕೇಳಿದರೆ ಅವರಿಗೆ ಇಲ್ಲ ಎನ್ನುವ ಸ್ವಾತಂತ್ರ್ಯ ಇರುತ್ತದೆ. ಇಲ್ಲ ಎಂದರೂ ನನ್ನ ಉತ್ತರ ಬದಲಾಗುವುದಿಲ್ಲ. ಆಗ ನಾವು ಕಾಯಬೇಕಾಗುತ್ತದೆ. ನಾನು ಅವರ ಜೊತೆ ದಿನಾ ಜಗಳವಾಡಬೇಕಾಗುತ್ತದೆ. ಎರಡೂ ನನಗೆ ಅಭ್ಯಾಸವಿಲ್ಲ, ಕಲಿಯುತ್ತೇನೆ. ಮುಂದಿನ ಭಾನುವಾರ ನೀವು ಬರುವ ಮುಂಚೆ, ಅವರು ಸಂಧ್ಯಾವಂದನೆ ಮುಗಿಸಿ ಬೋರ್ಡಿನ ಮುಂದೆ ಕೂರುವ ಮೊದಲು, ಹೇಳುವುದೆಂದು ನಿಶ್ಚಯಿಸಿದ್ದೇನೆ. ಇನ್ನೂ ಹೇಳಿಲ್ಲ. ಹೊರಕೋಣೆಯಿಂದ ಅವರು ಪೆನ್ಸಿಲ್ ಚೂಪು ಮಾಡುವ ಸದ್ದು ಬರುತ್ತಿದೆ.

ನೀವು ಎಂದಿನಂತೆ ಬನ್ನಿ. ಇಂಜಿನ್ನಿಗೆ ಏನಾದರೂ ಆಗಿರಬೇಕೆಂದೇನೂ ಇಲ್ಲ. ಅವರು ಏನೇ ಹೇಳಿರಲಿ, ಆ ದಿನ ನಿಮ್ಮ ಕಾಫಿ ಕಿಟಕಿಯ ಮೇಲಿನ ಗಾಜಿನ ಲೋಟದಲ್ಲಿ ಬರುವುದಿಲ್ಲ. ನಾವು ಕುಡಿಯುವ ಹಿತ್ತಾಳೆಯ ಲೋಟದಲ್ಲಿ ಬರುತ್ತದೆ. ಕುಡಿದಾದ ಮೇಲೆ ಅದನ್ನು ತೊಳೆಯಲು ಏಳಬೇಡಿ.

ನಾಲೆ ದಾಟುವಾಗ ನಿಧಾನ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಒಲೆ ಆರದಿರಲಿ.

ಸುಮಿತ್ರಾ